ಆಯಿಗೊಂದು ಪೂರ್ತಿ ರಾತ್ರಿ

ಮೆಲ್ಬರ್ನ್‌ನಲ್ಲಿ ಒಂದು ಶುಕ್ರವಾರ ಸಂಜೆ. ಲ್ಯಾಪ್‌ಟಾಪ್ ಮುಚ್ಚಿ ಲಿಫ್ಟಿಗೆ ಕಾಯ್ತಾ ಇದ್ದಾಗ ಆಫೀಸಿನ ಗೆಳತಿ ಕೇಳಿದಳು, ‘ನಿಮ್ಮೂರಲ್ಲಿ ರಾತ್ರಿ ಹೊತ್ತು ಜನ ಏನು ಮಾಡ್ತಾರೆ?’

ನಾನು ಯೋಚನೆಯೇ ಮಾಡದೆ ಹೇಳಿಬಿಟ್ಟೆ: ‘ಏನೂ ಇಲ್ಲ. ಎಂಟಕ್ಕೆ ಊಟ, ಒಂಬತ್ತಕ್ಕೆ ನಿದ್ದೆ. ಕಪ್ಪೆ, ಜೀರುಂಡೆ ಬಿಟ್ಟರೆ ಬೇರೆ ಯಾರೂ ಎಚ್ಚರ ಇರಲ್ಲ.’ ಅವಳು ನಕ್ಕಳು, ನಾನೂ ನಕ್ಕೆ.

ಟ್ರಾಮ್ ಹತ್ತಿ ಕೂತ ಮೇಲೆ ನಾಚಿಕೆಯಾಯಿತು. ನಾನು ಹೇಳಿದ್ದು ಶುದ್ಧ ಸುಳ್ಳು. ನಮ್ಮನೆ ಇರುವುದು ಸಿದ್ದಾಪುರ ತಾಲೂಕಿನಲ್ಲಿ, ಶಿರಸಿ ರಸ್ತೆಯಿಂದ ಒಳಗೆ, ಅಡಿಕೆ ತೋಟದ ತಲೆಯ ಮೇಲೆ. ಇಡೀ ರಾತ್ರಿ ಎಚ್ಚರ ಇರುವುದನ್ನೇ ಒಂದು ಕಲೆ ಮಾಡಿಕೊಂಡ ಸೀಮೆ ಅದು. ‘ನೈಟ್ ಲೈಫ್’ ಅನ್ನುವ ಪದ ನಮಗೆ ಗೊತ್ತಿರಲಿಲ್ಲ, ಅಷ್ಟೇ. ನಾವದನ್ನು ‘ಆಟ’ ಅಂತಿದ್ವಿ.

ಮೊದಲು ಇಲ್ಲಿಯ ಕತೆ ಹೇಳ್ತೀನಿ. ಊರಿನ ಗೆಳತಿಯರು ವಾಟ್ಸಾಪಿನಲ್ಲಿ ಯಾವಾಗಲೂ ಕೇಳುವ ಪ್ರಶ್ನೆ ಅದೇ. ಆರು ವರ್ಷದ ಹಿಂದೆ ಬಂದಾಗ ನನ್ನ ತಲೆಯಲ್ಲಿದ್ದದ್ದೂ ಸಿನಿಮಾದಲ್ಲಿ ನೋಡಿದ ಆಸ್ಟ್ರೇಲಿಯಾ: ಇಡೀ ರಾತ್ರಿ ದೀಪ, ಹಾಡು, ಕುಣಿತ. ಬಂದು ನೋಡಿದರೆ ಮಧ್ಯಾಹ್ನ ಮೂರೂವರೆಗೆ ಕಾಫಿ ಅಂಗಡಿಯವರು ಕುರ್ಚಿ ಎತ್ತಿ ಮೇಜಿನ ಮೇಲೆ ಇಡ್ತಾ ಇದ್ದರು! ಬಹಳಷ್ಟು ಬಟ್ಟೆ ಅಂಗಡಿಗಳು ಐದೂವರೆ, ಆರಕ್ಕೆ ಬಾಗಿಲು. ಶಿರಸಿಯಲ್ಲಿ ಆ ಹೊತ್ತಿಗೆ ಪೇಟೆಗೆ ಜೀವ ಬರುತ್ತದೆ.

ಮೆಲ್ಬರ್ನ್‌ನ ರಾತ್ರಿ ಇರುವುದು ಗಲ್ಲಿಗಳೊಳಗೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಗೋಡೆ ತುಂಬ ಬಣ್ಣ ಬಳಿದ ಹೋಸಿಯರ್ ಲೇನ್‌ನಂಥ ಸಂದಿಗಳು, ಬೋರ್ಡೇ ಇಲ್ಲದ ಬಾಗಿಲು, ಮೆಟ್ಟಿಲು ಹತ್ತಿದರೆ ಮೇಲೆ ಯಾರೋ ಪಿಟೀಲು ಬಾರಿಸುತ್ತಿರುತ್ತಾರೆ. ಚೈನಾ ಟೌನಿನಲ್ಲಿ ಹೊತ್ತಾದ ಮೇಲೂ ಬಿಸಿ ನೂಡಲ್ಸ್ ಸಿಗುತ್ತದೆ. ಬೇಸಿಗೆಯಲ್ಲಿ ಬುಧವಾರ ಸಂಜೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನಲ್ಲಿ ರಾತ್ರಿ ಸಂತೆ, ಮರದ ಕೆಳಗೆ ಚಾಪೆ ಹಾಸಿಕೊಂಡು ನೋಡುವ ಬಯಲು ಸಿನಿಮಾ. ಕುಡಿಯುವವರಿಗೆ ಬೇಕಾದಷ್ಟಿದೆ, ಕುಡಿಯದವರಿಗೂ ಇಲ್ಲ ಅಂತಿಲ್ಲ.

ಆದರೆ ನನಗೆ ನಿಜವಾಗಿ ಖುಷಿ ಕೊಟ್ಟದ್ದು ಇದ್ಯಾವುದೂ ಅಲ್ಲ, ವಾಪಸ್ ಮನೆಗೆ ಬರುವ ದಾರಿ. 2016ರಿಂದ ಇಲ್ಲಿ ಶುಕ್ರವಾರ, ಶನಿವಾರ ರಾತ್ರಿ ರೈಲು ಮತ್ತು ಆರು ಮಾರ್ಗದ ಟ್ರಾಮ್ ಬೆಳಗಿನವರೆಗೂ ಓಡುತ್ತವೆ. ಮೊದಲ ಸಲ ರಾತ್ರಿ ಒಂದೂವರೆಗೆ ಒಬ್ಬಳೇ ಟ್ರಾಮಿನಲ್ಲಿ ಕೂತಾಗ ಕೈ ನಡುಗುತ್ತಿತ್ತು. ಭಯ ಅಲ್ಲ, ಕದ್ದು ಏನೋ ತಿಂದಂಥ ಖುಷಿ. ಇಲ್ಲಿ ಎಲ್ಲವೂ ಸುರಕ್ಷಿತ ಅಂತ ನಾನು ಹೇಳಲ್ಲ. ನಿಲ್ದಾಣದಿಂದ ಮನೆಗೆ ನಡೆಯುವ ಹತ್ತು ನಿಮಿಷ ಈಗಲೂ ಯಾರಿಗಾದರೂ ಫೋನ್ ಮಾಡಿಕೊಂಡೇ ಹೋಗ್ತೀನಿ. ಆದರೂ ಇಪ್ಪತ್ತೈದು ವರ್ಷ ‘ಕತ್ತಲಾಗುವುದರೊಳಗೆ ಮನೆ ಸೇರು’ ಅಂತ ಕೇಳಿಸಿಕೊಂಡು ಬೆಳೆದವಳಿಗೆ ರಾತ್ರಿ ಎರಡು ಗಂಟೆಯ ರಸ್ತೆ ನೋಡುವುದೇ ಒಂದು ಮನರಂಜನೆ.

ರಾತ್ರಿಯನ್ನು ತೆರೆಯುವುದೂ ಮುಚ್ಚುವುದೂ ಇಂಥ ಸಣ್ಣ ಸಂಗತಿಗಳೇ. ಕುಡಿತದ ಗಲಾಟೆಯಲ್ಲಿ ಎಳೆ ಹುಡುಗರು ಪೆಟ್ಟು ತಿಂದು ಸತ್ತರು ಅಂತ 2014ರಲ್ಲಿ ಸಿಡ್ನಿಯ ನಡುಭಾಗದಲ್ಲಿ ಒಂದು ಕಾನೂನು ಬಂತು: ರಾತ್ರಿ ಒಂದೂವರೆಯ ಮೇಲೆ ಬಾರುಗಳೊಳಗೆ ಹೊಸಬರನ್ನು ಬಿಡಬಾರದು, ಮೂರರ ಮೇಲೆ ಮದ್ಯ ಕೊಡಬಾರದು. ನಗರದ ರಾತ್ರಿಯೇ ಸತ್ತುಹೋಯಿತು ಅಂತ ಸಂಗೀತಗಾರರು, ಅಂಗಡಿಯವರು ವರ್ಷಗಟ್ಟಲೆ ಜಗಳವಾಡಿದರು. 2020, 2021ರಲ್ಲಿ ಅದನ್ನು ತೆಗೆದರು. ಓದಿದಾಗ ನನಗೆ ನಮ್ಮೂರಿನ ಕೊನೆಯ ಬಸ್ಸು ನೆನಪಾಗಿ ನಗು ಬಂತು. ನಮಗೆ ಕಾನೂನು ಬೇಕಿರಲಿಲ್ಲ. ವಸ್ತಿ ಬಸ್ಸು ಬಂದು ಆಲದ ಮರದ ಕೆಳಗೆ ನಿಂತಿತು ಅಂದರೆ ಆ ದಿನದ ಲೋಕಸಂಚಾರ ಮುಗೀತು.

ಹಾಗಂತ ರಾತ್ರಿ ಮುಗಿಯುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಕಾಲ ನೆನಪು ಮಾಡಿಕೊಳ್ಳಿ. ಯಂತ್ರ ಬರುವ ಮುಂಚೆ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ ಅಂಗಳದಲ್ಲಿ ಸುಲಿಯಲು ಕೂತರೆ ನಡುರಾತ್ರಿವರೆಗೆ ಮಾತು, ಹಾಡು, ಊರಿನ ಎಲ್ಲರ ಸುದ್ದಿ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಮಳೆಗಾಲದಲ್ಲಿ ಯಾರದ್ದಾದರೂ ಮನೆಯ ಜಗುಲಿಯಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತಿನಲ್ಲೇ ಕರ್ಣನೂ ಕೃಷ್ಣನೂ ಬೆಳಗಿನ ಜಾವದವರೆಗೆ ವಾದ ಮಾಡುತ್ತಿದ್ದರು.

ಇನ್ನು ಶಿರಸಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಒಂಬತ್ತು ದಿನ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತರೆ ಪೇಟೆಗೆ ನಿದ್ದೆಯಿಲ್ಲ. ತೊಟ್ಟಿಲು, ಸರ್ಕಸ್ಸು, ಡೇರೆ ಹಾಕಿದ ನಾಟಕ ಕಂಪನಿಗಳು, ಮಿರ್ಚಿ, ಮಂಡಕ್ಕಿ, ಕಬ್ಬಿನ ಹಾಲು. ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ಕೆಲವು ರಾತ್ರಿ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದು ಜಗ್ಗುತ್ತಿದ್ದರೂ ನಿಲ್ಲದೆ ಅಬ್ಬರಿಸುವ ಬೇಡ. ಪಿಯುಸಿ ಓದುವಾಗ ಶಿರಸಿಯ ಅತ್ತೆ ಮನೆಯಲ್ಲಿದ್ದೆ. ರಾತ್ರಿ ಎರಡು ಗಂಟೆಗೆ ರಸ್ತೆಯ ಎರಡೂ ಬದಿ ಅಜ್ಜಿಯರು, ಸೊಸೆಯಂದಿರು, ಮಕ್ಕಳು ಸಾಲಾಗಿ ಕೂತಿದ್ದರು. ‘ಹೆಣ್ಣುಮಕ್ಕಳು ಒಳಗೆ ಹೋಗಿ’ ಅಂತ ಹೇಳುವವರು ಯಾರೂ ಇರಲಿಲ್ಲ. ನನ್ನ ಮೊದಲ ನೈಟ್ ಲೈಫ್ ಅದೇ.

ಯಲ್ಲಾಪುರದ ಕಡೆ ಹೋದರೆ ಇನ್ನೊಂದು ಲೋಕ. ನಮ್ಮ ಚಿಕ್ಕಿಯನ್ನು ಕೊಟ್ಟಿದ್ದು ಮಂಚಿಕೇರಿ ಹತ್ತಿರ. ಅಲ್ಲಿಯವರಿಗೆ ನಾಟಕದ ಹುಚ್ಚು. ಅಲ್ಲೇ ಕಾಡಂಚಿನ ಸಿದ್ದಿಯರ ಕೇರಿಗಳಲ್ಲಿ ಗಂಡಸರು, ಹೆಂಗಸರು ಕೂಡಿ ಡಮಾಮಿ ಬಡಿದು ಕುಣಿಯುವ ರಾತ್ರಿಗಳಿವೆ. ಹೆಗ್ಗೋಡಿನ ನೀನಾಸಮ್‌ನವರು 1985ರಲ್ಲಿ ತಿರುಗಾಟ ಶುರು ಮಾಡಿದ ಮೇಲೆ ನಮ್ಮಂಥ ಊರಿನವರಿಗೂ ಒಳ್ಳೊಳ್ಳೆಯ ನಾಟಕ ನೋಡಲು ಸಿಕ್ಕಿತು.

ಇದೆಲ್ಲ ಇದ್ದೂ ಗೆಳತಿಗೆ ‘ಏನೂ ಇಲ್ಲ’ ಅಂದೆನಲ್ಲ, ಯಾಕೆ ಅಂತ ಆಮೇಲೆ ತುಂಬ ಯೋಚಿಸಿದೆ. ನಮ್ಮೂರಿನ ರಾತ್ರಿ ಅಂದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಆಟದ ರಂಗಸ್ಥಳವೇ ಅಲ್ಲ, ಆಯಿ. ಅಡುಗೆಮನೆಯ ದೀಪ ಆರಿಸಿ, ಹಿಂಬಾಗಿಲ ಅಗಳಿ ಹಾಕಿ, ಚಾಪೆ ಬಿಡಿಸುವ ಆಯಿ.

ಅಪ್ಪಯ್ಯನಿಗೆ ಆಟದ ಹುಚ್ಚು ಎಷ್ಟಿತ್ತೆಂದರೆ, ಆಟ ಹತ್ತು ಮೈಲಿ ದೂರ ಇದ್ದರೂ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಹೊರಡುತ್ತಿದ್ದ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮನೆಯಲ್ಲಿ ಪಾಯಸ ಮಾಡಿಸಿದ್ದ. ಬೆಳಿಗ್ಗೆ ಏಳಕ್ಕೆ ಕೆಂಪು ಕಣ್ಣು ಮಾಡಿಕೊಂಡು ಬಂದು, ತೆಳ್ಳೇವು ತಿನ್ನುತ್ತಾ ಇಡೀ ಆಟ ಆಯಿಗೆ ಹೇಳುತ್ತಿದ್ದ. ಆಯಿ ಕಾವಲಿಯ ಮುಂದೆ ನಿಂತು ‘ಹೌದಾ?’ ‘ಆಮೇಲೆ?’ ಅನ್ನುತ್ತಿದ್ದಳು. ಅವಳಿಗೂ ಆಟ ಇಷ್ಟ ಅಂತ ನಮಗೆ ಯಾರಿಗೂ ಅನ್ನಿಸಿರಲೇ ಇಲ್ಲ.

ಎರಡು ವರ್ಷದ ಹಿಂದೆ ಆಯಿ ಮೆಲ್ಬರ್ನ್‌ಗೆ ಬಂದಿದ್ದಳು. ಅಪ್ಪಯ್ಯ ವಿಮಾನ ಬೇಡವೇ ಬೇಡ ಅಂದ. ಅವಳು ಬಂದಳು, ಪಕ್ಕದ ಮನೆಯವರಿಗೆ ಎರಡು ದನ, ಒಂದು ಕರುವಿನ ಸ್ವಭಾವ ಒಂದೊಂದಾಗಿ ವಿವರಿಸಿ. ಒಂದು ಶನಿವಾರ ಸೇಂಟ್ ಕಿಲ್ಡಾದ ಸಮುದ್ರ ನೋಡಿ, ಅಲ್ಲೇ ಕನ್ನಡದ ಗೆಳತಿಯ ಮನೆಯಲ್ಲಿ ಊಟ ಮಾಡಿ, ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. 96ನೇ ನಂಬರಿನ ಟ್ರಾಮ್ ಹತ್ತಿದಾಗ ರಾತ್ರಿ ಒಂದು ದಾಟಿತ್ತು. ಓಡಿಸುತ್ತಿದ್ದವಳು ಒಬ್ಬ ಹೆಂಗಸು, ಆಯಿಗಿಂತ ಏಳೆಂಟು ವರ್ಷ ಚಿಕ್ಕವಳಿರಬಹುದು. ನಮ್ಮ ಎದುರು ಮಿನುಗುವ ಬಟ್ಟೆ ಹಾಕಿದ ಮೂವರು ಹುಡುಗಿಯರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದರು.

ಆಯಿ ಹುಡುಗಿಯರ ಬಟ್ಟೆಯ ಬಗ್ಗೆ ಏನಾದರೂ ಅಂತಾಳೆ ಅಂದುಕೊಂಡೆ. ಅವಳ ಕಣ್ಣು ಇದ್ದದ್ದು ಟ್ರಾಮ್ ಓಡಿಸುವವಳ ಮೇಲೆ. ಸ್ವಲ್ಪ ಹೊತ್ತು ನೋಡಿ ಕೇಳಿದಳು: ‘ಇದ್ರ ಮನೇಲಿ ಬೆಳಿಗ್ಗೆ ಹಾಲು ಕರೆಯದು ಯಾರೇ ತಂಗೀ?’

ನಾನು ಜೋರಾಗಿ ನಕ್ಕುಬಿಟ್ಟೆ. ಆಯಿ ನಗಲಿಲ್ಲ. ಆಗ ನನಗೆ ಏನು ಹೊಳೆಯಿತೋ, ಕೇಳಿದೆ: ‘ಆಯಿ, ನೀನು ಆಟದ ಮಂಗಳ ನೋಡಿದ್ಯಾ?’

ಗೊತ್ತಿಲ್ಲದವರಿಗೆ ಹೇಳ್ತೀನಿ, ಮಂಗಳ ಅಂದರೆ ಆಟದ ಕೊನೆ. ಇಡೀ ರಾತ್ರಿ ಕುಣಿದು, ಬೆಳಕು ಹರಿಯುವ ಹೊತ್ತಿಗೆ ಭಾಗವತರು ಮಂಗಳ ಹಾಡಿ ಮುಗಿಸುತ್ತಾರೆ.

‘ಇಲ್ಲೆ’ ಅಂದಳು ಆಯಿ. ‘ಎಷ್ಟೊತ್ತಿಗೆ ನೋಡದು? ಐದಕ್ಕೆ ಕೊಟ್ಟಿಗೆಗೆ ಹೋಗವು ಅಲ್ದಾ.’ ಆಮೇಲೆ ನನಗೆ ಸಮಾಧಾನ ಹೇಳುವ ಹಾಗೆ, ‘ಚಂಡೆ ಕೇಳ್ತಿತ್ತು ಬಿಡು. ಅದ್ರಲ್ಲೇ ಗೊತ್ತಾಗ್ತಿತ್ತು, ಈಗ ಯಾರ ಪ್ರವೇಶ ಹೇಳಿ.’

ನಮ್ಮೂರ ಗದ್ದೆಯಲ್ಲಿ ಆಟ ಆದರೆ ಆಯಿ ಊಟ ಮುಗಿಸಿ, ಕಲಾವಿದರಿಗೆ ಚಾ, ಅವಲಕ್ಕಿ ಮಾಡಿ ಚೌಕಿಗೆ ಕಳಿಸಿ, ಹತ್ತೂವರೆಗೆ ಬಂದು ಒಡ್ಡೋಲಗ ನೋಡಿ, ಹನ್ನೆರಡಕ್ಕೆ ಎದ್ದು ಹೋಗುತ್ತಿದ್ದಳು. ಉಳಿದ ಆಟವನ್ನು ಅವಳು ನೋಡಿದ್ದು ಮಲಗಿದಲ್ಲಿಂದ, ಕಿವಿಯಲ್ಲಿ. ಜಾತ್ರೆಗೂ ಅಷ್ಟೇ. ಹಗಲಿನ ಬಸ್ಸಿಗೆ ಹೋಗಿ ದೇವಿಗೆ ಉಡಿ ತುಂಬಿ, ಸಂಜೆ ಬಸ್ಸಿಗೆ ವಾಪಸ್. ರಾತ್ರಿಯ ನಾಟಕ ನೋಡಿದ್ದು ಅಪ್ಪಯ್ಯ. ತಾಳಮದ್ದಳೆ ನಮ್ಮನೆ ಜಗುಲಿಯಲ್ಲೇ ಆದಾಗಲೂ ಅವಳು ಕೇಳಿದ್ದು ನಡುಮನೆಯ ಬಾಗಿಲ ಹಿಂದೆ, ಕಷಾಯ ಕುದಿಸುವ ನಡುವೆ. ಈಗ ನಮ್ಮ ಕಡೆ ಹೆಂಗಸರೇ ಕೂತು ಅರ್ಥ ಹೇಳುವ ತಾಳಮದ್ದಳೆ ತಂಡಗಳಿವೆ. ಆಯಿಯ ಪ್ರಾಯದಲ್ಲಿ ಅದನ್ನು ಯಾರೂ ಕನಸಲ್ಲೂ ಕಂಡಿರಲಿಲ್ಲ. 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡೇ ಬೇಡ. ಆದರೆ ನಮ್ಮೂರಿಗೆ ರಾತ್ರಿ ಬಸ್ಸೇ ಇಲ್ಲವಲ್ಲ!

ಆ ರಾತ್ರಿ ಟ್ರಾಮಿನಲ್ಲೇ ನಿಶ್ಚಯ ಮಾಡಿದೆ. ಆಯಿಗೆ ಒಂದು ಆಟ ಪೂರ್ತಿ ತೋರಿಸಬೇಕು.

ಕಳೆದ ಏಪ್ರಿಲ್‌ನಲ್ಲಿ ಮೂರು ವಾರ ರಜೆ ಹಾಕಿ ಊರಿಗೆ ಹೋದೆ. ಅಲ್ಲಿ ಬೇರೆಯೇ ಸಮಸ್ಯೆ. ಈಗ ಬಹಳಷ್ಟು ಆಟ ಕಾಲಮಿತಿ. ಸಂಜೆ ಏಳಕ್ಕೆ ಶುರು, ಹನ್ನೊಂದು ಹನ್ನೆರಡಕ್ಕೆ ಮಂಗಳ. ಕಾರಣ ಬೇಕಾದಷ್ಟಿವೆ. 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಮಧ್ಯರಾತ್ರಿಯ ಮೇಲೆ ಕುರ್ಚಿ ಖಾಲಿ. ಮರುದಿನ ಆಫೀಸು, ಸ್ಕೂಲು. ಅಪ್ಪಯ್ಯನಂಥ ಹಳಬರು ‘ಇದೆಂಥ ಆಟ, ಬಣ್ಣ ಬಳ್ಕಂಡು ಮುಗಿಯದ್ರೊಳಗೆ ಮಂಗಳ’ ಅಂತ ಗೊಣಗುತ್ತಾರೆ.

ಆದರೆ ನೋಡಿ, ಆಯಿ ಜೀವನದ ಮೊದಲ ಮಂಗಳ ನೋಡಿದ್ದು ಅಂಥ ಕಾಲಮಿತಿ ಆಟದಲ್ಲೇ. ಅಣ್ಣನ ಕಾರಿನಲ್ಲಿ ಸಿದ್ದಾಪುರಕ್ಕೆ ಹೋಗಿ, ಏಳರಿಂದ ಹನ್ನೊಂದು ನೋಡಿ, ಹನ್ನೆರಡಕ್ಕೆ ಮಲಗಿ, ಐದಕ್ಕೆ ಎದ್ದು ಹಾಲು ಕರೆದಳು. ಕಲೆ ಹಾಳಾಯಿತು ಅಂತ ಬೈಯುವಾಗ ನಾವು ಈ ಲೆಕ್ಕ ಹಾಕುವುದಿಲ್ಲ. ಚಿಕ್ಕದಾದ ಆಟಕ್ಕೆ ಎಷ್ಟು ಮನೆಗಳ ಹೆಂಗಸರು ಮೊದಲ ಸಲ ಕೊನೆಯವರೆಗೆ ಕೂತರೋ.

ಆಯಿಗೆ ಖುಷಿಯಾಗಿತ್ತು. ಆದರೆ ಕಾರಿನಲ್ಲಿ ಬರುವಾಗ ಮೆಲ್ಲಗೆ ಅಂದಳು, ‘ಬೆಳಕು ಹರಿಯ ಹೊತ್ತಿಗೆ ವೇಷ ಬೇರೆ ನಮನಿ ಕಾಣ್ತಡ. ಅವು ಯಾವಾಗ್ಲೂ ಹೇಳ್ತ.’ ‘ಅವು’ ಅಂದರೆ ಅಪ್ಪಯ್ಯ.

ಪುಣ್ಯಕ್ಕೆ ಮುಂದಿನ ವಾರವೇ ಪಕ್ಕದೂರಿನ ದೇವಸ್ಥಾನದ ಅಂಗಳದಲ್ಲಿ ಹವ್ಯಾಸಿಗಳ ಆಟ ಇತ್ತು, ಇಡೀ ರಾತ್ರಿಯದು. ಹತ್ತರ ಮೇಲೆ ಮೈಕ್ ಇಲ್ಲ, ಹಿಂದಿನ ಕಾಲದಂತೆ ಬಾಯಲ್ಲೇ ಅಂತ ಮೊದಲೇ ಹೇಳಿದ್ದರು. ಕೊನೆಯ ಪ್ರಸಂಗ ಗದಾಯುದ್ಧ.

ಊಟಕ್ಕೆ ಕೂತಾಗ ಹೇಳಿದೆ: ‘ಅಪ್ಪಯ್ಯ, ಶನಿವಾರ ಆಯಿ ಆಟಕ್ಕೆ ಬತ್ತು. ಬೆಳಿಗ್ಗೆ ಕೊಟ್ಟಿಗೆ ನೀನು ನೋಡ್ಕಳವು.’

ಅಪ್ಪಯ್ಯ ತುತ್ತು ಹಿಡಿದಲ್ಲೇ ನಿಲ್ಲಿಸಿದ. ‘ಯಾರು, ಆನಾ?’

‘ಬ್ಯಾಡ ಬಿಡೇ, ಅವಕ್ಕೆ ಅಭ್ಯಾಸ ಇಲ್ಲೆ’ ಅಂದಳು ಆಯಿ ತಕ್ಷಣ. ಮಜ್ಜಿಗೆ ಬಡಿಸುವ ನೆಪದಲ್ಲಿ ಎದ್ದೂ ಬಿಟ್ಟಳು.

ಮೆಲ್ಬರ್ನ್‌ನಲ್ಲಿ ಆಫೀಸಿನ ಮೀಟಿಂಗಿನಲ್ಲಿ ಹತ್ತು ಜನರ ಎದುರು ವಾದ ಮಾಡ್ತೀನಿ. ನಮ್ಮನೆಯ ಅಡುಗೆಮನೆಯಲ್ಲಿ ಒಂದು ಮಾತು ಹೇಳಲು ಗಂಟಲು ಕಟ್ಟಿತು. ‘ಅಪ್ಪಯ್ಯ, ನೀನು ನೋಡಿದ ಅಷ್ಟೂ ಆಟದ ಮರುದಿನ ಬೆಳಿಗ್ಗೆ ಹಾಲು ಕರೆದದ್ದು ಆಯಿ’ ಅಂದೆ. ಅಷ್ಟೇ. ಜಗಳ ಮಾಡಲಿಲ್ಲ. ಎಪ್ಪತ್ತೊಂದು ವರ್ಷದ ಅಪ್ಪಯ್ಯ ಬಾಳೆ ಎಲೆಯನ್ನೇ ನೋಡುತ್ತಾ ತುಂಬ ಹೊತ್ತು ಕೂತಿದ್ದ. ಕೈ ತೊಳೆದು ಬಂದವನು ಆಯಿಯನ್ನೇ ಕೇಳಿದ, ‘ಆ ಕೆಂಪಿ ಒದೀತಾ?’

ಶನಿವಾರ ರಾತ್ರಿ ಆಯಿ ನನಗೂ ಸೇರಿಸಿ ಎರಡು ಶಾಲು, ಒಂದು ಡಬ್ಬಿ ಚಕ್ಕುಲಿ, ಒಂದು ಫ್ಲಾಸ್ಕ್ ಕಷಾಯ ತಂದಿದ್ದಳು. ಮೈಕ್ ಇಲ್ಲದ್ದರಿಂದ ಎಲ್ಲರೂ ಕುರ್ಚಿ ಬಿಟ್ಟು ರಂಗಸ್ಥಳದ ಹತ್ತಿರಕ್ಕೆ ಸರಿದು ನೆಲದ ಮೇಲೆ ಕೂತರು. ಹನ್ನೆರಡಾಯಿತು. ಆಯಿ ಅಭ್ಯಾಸಬಲದಿಂದ ಎದ್ದು ನಿಂತಳು. ನಿಂತವಳಿಗೆ ಹೋಗುವ ಜಾಗ ಇಲ್ಲ ಅಂತ ನೆನಪಾಗಿ, ಸೆರಗು ಸರಿ ಮಾಡಿಕೊಂಡು ಮತ್ತೆ ಕೂತಳು. ಅಲ್ಲಿಂದ ಅವಳು ನೋಡಿದ್ದೆಲ್ಲ ಹೊಸತು. ಕೇಳಿಯಷ್ಟೇ ಗೊತ್ತಿದ್ದ ಪದ್ಯಗಳಿಗೆ ಮುಖ ಬಂದಂತೆ ನೋಡುತ್ತಿದ್ದಳು. ಮೂರು ಗಂಟೆಗೆ ನಾನೇ ತೂಕಡಿಸಿದೆ. ‘ಏಳೇ, ಭೀಮ ಬಂಜು’ ಅಂತ ತಿವಿದಳು.

ಕೌರವ ವೈಶಂಪಾಯನ ಸರೋವರದಲ್ಲಿ ಅಡಗಿದ್ದ. ಭೀಮ ದಂಡೆಯ ಮೇಲೆ ನಿಂತು ಹಂಗಿಸುತ್ತಿದ್ದ. ಹಿಂದೆ ಅಡಿಕೆ ಮರಗಳ ತುದಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕೌರವ ನೀರಿನಿಂದ ಎದ್ದ. ರಾತ್ರಿ ದೀಪದ ಬೆಳಕಿನಲ್ಲಿ ಕಡುಕೆಂಪಾಗಿದ್ದ ಬಣ್ಣ ಬೆವರಿಗೆ ಕರಗಿ ಗೆರೆಗೆರೆಯಾಗಿತ್ತು. ಬೆಳಗಿನ ಬೆಳಕಿನಲ್ಲಿ ಅವನು ರಾಜನೂ ಹೌದು, ಇಡೀ ರಾತ್ರಿ ಕುಣಿದು ಸುಸ್ತಾದ ಪಕ್ಕದೂರಿನ ಮನುಷ್ಯನೂ ಹೌದು. ಅಪ್ಪಯ್ಯ ಹೇಳಿದ್ದು ನಿಜ, ವೇಷ ಬೇರೆಯೇ ಕಾಣುತ್ತದೆ.

ಮಂಗಳ ಹಾಡುವಾಗ ಆಯಿ ಕೈ ಮುಗಿದು ನಿಂತಿದ್ದಳು. ‘ಇಷ್ಟು ಚೊಲೊ ಇರ್ತು ಹೇಳಿ ಗೊತ್ತಿತ್ತಿಲ್ಲೆ’ ಅಂದಳು. ನನ್ನ ಕಡೆ ತಿರುಗಲಿಲ್ಲ.

ಮನೆ ತಲುಪಿದಾಗ ಆರೂವರೆ ದಾಟಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪಯ್ಯ ತಂಬಿಗೆ ಹಿಡಿದು ನಿಂತಿದ್ದ. ಪಂಚೆ ತುಂಬ ಸೆಗಣಿ, ತಲೆಯಲ್ಲಿ ಹುಲ್ಲು. ‘ಕೆಂಪಿ ಅರ್ಧ ತಂಬಿಗೆ ಮಾತ್ರ ಕೊಟ್ಚು’ ಅಂದ, ತಪ್ಪು ಮಾಡಿದ ಹುಡುಗನ ಹಾಗೆ. ಆಯಿ ತಂಬಿಗೆ ಇಣುಕಿ ನೋಡಿ ನಕ್ಕಳು.

ಒಳಗೆ ಬಂದು ಚಾಕ್ಕೆ ನೀರಿಟ್ಟದ್ದು ನಾನು. ಅಪ್ಪಯ್ಯ ಮಣೆ ಎಳೆದುಕೊಂಡು ಕೂತು ಕೇಳಿದ, ‘ಮಂಗಳ ಆತಾ?’

‘ಆತು’ ಅಂದಳು ಆಯಿ. ಕೆಂಪು ಕಣ್ಣು ಒರೆಸಿಕೊಂಡು ಅವನ ಎದುರು ಕೂತಳು. ‘ಕೂತ್ಕಳಿ, ಹೇಳ್ತಿ. ಹನ್ನೆರಡರ ಮೇಲೆ ಎಂತಾ ಆತು ಗೊತ್ತಿದ್ದಾ?’

ಅಪ್ಪಯ್ಯ ಆ ಪ್ರಸಂಗವನ್ನು ಎಷ್ಟು ಸಲ ನೋಡಿದ್ದನೋ. ಆದರೂ ‘ಹೌದಾ?’ ಅಂದ. ‘ಆಮೇಲೆ?’ ಅಂದ.

ಮೆಲ್ಬರ್ನ್‌ಗೆ ವಾಪಸ್ ಬಂದ ಮೇಲೆ ಗೆಳತಿಗೆ ನನ್ನ ಉತ್ತರ ತಿದ್ದಿ ಹೇಳಿದೆ. ಮುಂದಿನ ಜಾತ್ರೆಯ ತಾರೀಕು ಕೇಳಿದ್ದಾಳೆ.